ಹೆಸರು ಹೇಳಲ್ಲ, ಪ್ರಾರ್ಥನೆ ಮಾಡಿ

ನಮ್ಮ ಚರ್ಚಿನ ವಲಯದ ಪ್ರಾರ್ಥನೆ ತಿಂಗಳಿಗೊಂದು ಸಲ, ಒಬ್ಬೊಬ್ಬರ ಮನೆಯಲ್ಲಿ ನಡೆಯುತ್ತದೆ. ಹಾಸನದ ಸಾಲಗಾಮೆ ರಸ್ತೆಯ ಆಸುಪಾಸಿನ 18 ಮನೆಗಳು ಸೇರಿ ಒಂದು ವಲಯ. ಜಪಸರ ಮುಗಿಸುತ್ತೇವೆ, ಬೈಬಲ್ ಓದುತ್ತೇವೆ. ಆಮೇಲೆ ಒಬ್ಬೊಬ್ಬರಾಗಿ ಕೋರಿಕೆ ಹೇಳುತ್ತೇವೆ. ಮಗನ ಪರೀಕ್ಷೆ, ಅತ್ತೆಯ ಮಂಡಿನೋವು, ತೀರದ ಸಾಲ. ಪ್ರತಿಯೊಂದಕ್ಕೂ ಎಲ್ಲರೂ ಒಟ್ಟಿಗೆ ‘ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿ’ ಅನ್ನುತ್ತೇವೆ. ಕೊನೆಗೆ ಕಾಫಿ, ಒಂದು ತಟ್ಟೆ ಖಾರ.

ಎರಡು ವರ್ಷದ ಹಿಂದೆ ಒಂದು ಸಂಜೆ ನನ್ನ ಸರದಿ ಬಂತು. ನಾನು ಕಣ್ಣು ಮುಚ್ಚಿಕೊಂಡು, ದನಿ ತಗ್ಗಿಸಿ ಹೇಳಿದೆ. ‘ನಮ್ಮಲ್ಲೇ ಒಂದು ಮನೆಯಲ್ಲಿ ಮಗಳು ಗಂಡನ ಮನೆ ಬಿಟ್ಟು ಬಂದಿದ್ದಾಳೆ. ಹೆಸರು ಹೇಳಲ್ಲ. ಆ ಕುಟುಂಬಕ್ಕಾಗಿ ಪ್ರಾರ್ಥನೆ ಮಾಡೋಣ.’

ಹೆಸರು ಹೇಳಲಿಲ್ಲ, ನಿಜ. ಹೇಳುವ ಅಗತ್ಯವೂ ಇರಲಿಲ್ಲ. ಆ 18 ಮನೆಗಳಲ್ಲಿ ಆ ವರ್ಷ ಮಗಳ ಮದುವೆ ಮಾಡಿದ್ದು ಎರಡೇ ಮನೆ. ಒಂದು ಮನೆಯ ಮಗಳೂ ಅಳಿಯನೂ ಅಲ್ಲೇ ನನ್ನೆದುರು ಚಾಪೆಯ ಮೇಲೆ ಕೂತಿದ್ದರು.

ಎಲ್ಲರೂ ‘ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿ’ ಅಂದರು. ಆ ಸಲ ದನಿ ಸ್ವಲ್ಪ ಜಾಸ್ತಿ ಜೋರಾಗಿತ್ತು.

ನನಗೆ ಈ ವಿಷಯ ಗೊತ್ತಾಗಿದ್ದು ಹೇಗೆ ಅಂತಲೂ ಹೇಳಬೇಕು. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಬ್ಲೌಸು, ಚೂಡಿದಾರ, ಪ್ರಥಮ ಪರಮಪ್ರಸಾದದ ಮಕ್ಕಳಿಗೆ ಬಿಳಿ ಫ್ರಾಕು. ಬೆನ್ನಿನ ಅಳತೆ ತೆಗೆಯುವಾಗ ಹೆಂಗಸರು ಗೋಡೆ ಕಡೆ ಮುಖ ಮಾಡಿ ನಿಂತಿರುತ್ತಾರೆ. ಹಾಗೆ ನಿಂತಾಗ, ಎದುರು ಕೂತು ಹೇಳಲಾಗದ್ದನ್ನೆಲ್ಲ ಹೇಳಿಬಿಡುತ್ತಾರೆ. ಆ ತಾಯಿ ಹೇಳಿದ್ದೂ ಹಾಗೇ. ‘ಮಗಳು ಬಂದಿದ್ದಾಳೆ ಕಣ್ರೀ. ವಾಪಸ್ ಹೋಗಲ್ಲ ಅಂತಿದ್ದಾಳೆ.’ ಅಷ್ಟೇ. ನಾನು ಭುಜದ ಅಳತೆ ಬರೆದುಕೊಂಡೆ.

ಆ ತಾಯಿ ಪ್ರಾರ್ಥನೆಗೆ ಬಂದಿರಲಿಲ್ಲ. ಮುಂದಿನ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಮೆಟ್ಟಿಲು ಇಳಿಯುವಾಗ ಯಾರೋ ಅವರ ಕೈ ಹಿಡಿದುಕೊಂಡು, ‘ನಿಮಗೋಸ್ಕರ ಎಲ್ಲರೂ ಪ್ರಾರ್ಥನೆ ಮಾಡಿದ್ವಿ’ ಅಂದರಂತೆ. ಅಲ್ಲಿಂದ ಮುಂದೆ ಅವರು ವಲಯದ ಪ್ರಾರ್ಥನೆಗೆ ಬರಲಿಲ್ಲ. ಹೊಲಿಯಲು ಕೊಟ್ಟಿದ್ದ ಬ್ಲೌಸನ್ನು ಪಕ್ಕದ ಮನೆ ಹುಡುಗನ ಕೈಲಿ ತರಿಸಿಕೊಂಡರು. ದುಡ್ಡು ಸರಿಯಾಗಿ ಎಣಿಸಿ ಕಳಿಸಿದ್ದರು.

ಮೊದಲ ಕೆಲವು ದಿನ ನನಗೆ ಸಿಟ್ಟು ಬಂತು, ನನ್ನ ಮೇಲಲ್ಲ, ಅವರ ಮೇಲೆ. ನಾನೇನು ಸುಳ್ಳು ಹೇಳಿದೆನಾ? ಕೆಟ್ಟದ್ದು ಹೇಳಿದೆನಾ? ಪ್ರಾರ್ಥನೆ ಮಾಡಿ ಅಂದೆ, ಅಷ್ಟೇ ಅಲ್ವಾ?

ಆ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ, ಫಾದರ್ ಹತ್ತಿರ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗೆ ಹೋದೆ. ಅಲ್ಲಿ ಕೇಳಿದ್ದನ್ನು ಗುಟ್ಟಾಗಿ ಇಡಬೇಕಾದವರು ಫಾದರ್. ನಾನು ಹೇಳಬಹುದು, ಹೇಳುತ್ತಿದ್ದೇನೆ. ನನ್ನದು ಪ್ರತಿ ವರ್ಷದ ಹಾಗೆ ಸಗಟು ಲೆಕ್ಕ. ಕೋಪ ಮಾಡಿಕೊಂಡಿದ್ದೇನೆ, ಸೋಮಾರಿತನ ಮಾಡಿದ್ದೇನೆ, ಇತರರ ಬಗ್ಗೆ ಮಾತಾಡಿದ್ದೇನೆ. ಫಾದರ್ ಮಧ್ಯದಲ್ಲೇ ತಡೆದರು. ‘ಇತರರು ಅಂದರೆ ಯಾರು?’ ಹೇಳಿದೆ. ಕೊನೆಗೆ, ‘ಆದರೆ ನಾನು ಹೇಳಿದ್ದು ನಿಜಾನೇ, ಫಾದರ್’ ಅಂತ ಸೇರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಅದಕ್ಕೇ ಅದು ಅಷ್ಟು ದೂರ ಹೋಯಿತು’ ಅಂದರು.

ನನಗೆ ಗೊತ್ತಿಲ್ಲದ ಒಂದು ವಿಷಯವನ್ನೂ ಅವರು ಹೇಳಿದರು. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶದ ಪುಸ್ತಕದಲ್ಲಿ, ಸುಳ್ಳುಸಾಕ್ಷಿ ಹೇಳಬೇಡ ಅನ್ನುವ ಎಂಟನೇ ಆಜ್ಞೆಯ ಕೆಳಗೆ, ಒಬ್ಬರ ಹೆಸರು ಕೆಡಿಸುವ ತಪ್ಪುಗಳನ್ನು ಮೂರಾಗಿ ಬಿಡಿಸಿ ಹೇಳಿದ್ದಾರೆ. ಸರಿಯಾದ ಆಧಾರವಿಲ್ಲದೆ ಒಬ್ಬರ ತಪ್ಪನ್ನು ಮನಸ್ಸಿನಲ್ಲೇ ನಂಬಿಬಿಡುವುದು ಒಂದು. ಸುಳ್ಳು ಹೇಳಿ ಹೆಸರು ಕೆಡಿಸುವುದು ಇನ್ನೊಂದು. ಇವೆರಡೂ ನಮಗೆಲ್ಲ ಗೊತ್ತಿರುವುದೇ. ಮೂರನೆಯದು ನನಗೆ ತಾಗಿತು: ಇನ್ನೊಬ್ಬರಲ್ಲಿ ನಿಜವಾಗಿಯೂ ಇರುವ ಕುಂದನ್ನು, ಸರಿಯಾದ ಕಾರಣವಿಲ್ಲದೆ, ಗೊತ್ತಿಲ್ಲದವರಿಗೆ ತಿಳಿಸುವುದು. ನನ್ನದು ಅದಕ್ಕಿಂತ ಒಂದು ಕೈ ಮೇಲು. ಆ ಹುಡುಗಿ ಗಂಡನ ಮನೆಯಿಂದ ಬಂದಿದ್ದು ತಪ್ಪು ಅಂತ ತೀರ್ಮಾನ ಮಾಡಿದ್ದು ಯಾರು? ನಾನೇ ತಾನೇ.

‘ಹೋಗಿ ಅವರ ಹತ್ತಿರ ಮಾತಾಡಿ’ ಅಂದರು ಫಾದರ್. ಕ್ಷಮೆ ಸಿಕ್ಕಿದ ಮೇಲೂ ಆದ ನಷ್ಟ ಭರ್ತಿ ಮಾಡುವ ಹೊಣೆ ಉಳಿಯುತ್ತದೆ ಅಂತಲೂ ಅಂದರು. ನನಗೆ 10 ಸಲ ಜಪಸರ ಹೇಳಿ ಅಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ನಾನು ಹೋಗಲಿಲ್ಲ. ಏಳು ತಿಂಗಳು ಹೋಗಲಿಲ್ಲ.

ಹೋಗದೇ ಇರುವವರು ಏನು ಮಾಡುತ್ತಾರೆ? ಓದುತ್ತಾರೆ. ನಾಲಿಗೆಯ ಬಗ್ಗೆ ಬೈಬಲಿನಲ್ಲಿ ಏನೇನಿದೆಯೋ ಎಲ್ಲಾ ಹುಡುಕಿ ಓದತೊಡಗಿದೆ. ಜ್ಞಾನೋಕ್ತಿಗಳಲ್ಲಿ ಒಂದು ಮಾತು ಎರಡು ಕಡೆ, ಹೆಚ್ಚುಕಮ್ಮಿ ಅಕ್ಷರಕ್ಕಕ್ಷರ ಹಾಗೇ ಬಂದಿದೆ, 18ನೇ ಅಧ್ಯಾಯದಲ್ಲಿ ಒಮ್ಮೆ, 26ರಲ್ಲಿ ಮತ್ತೊಮ್ಮೆ. ಚಾಡಿಕೋರನ ಮಾತು ರುಚಿಯಾದ ತುತ್ತಿನ ಹಾಗೆ, ಹೊಟ್ಟೆಯೊಳಗೆ ಆಳಕ್ಕೆ ಇಳಿಯುತ್ತದೆ ಅಂತ. ಇದನ್ನು ಬೇರೆ ಕಡೆಯವರು ಹೇಗೆ ಅರ್ಥ ಮಾಡಿಕೊಳ್ಳುತ್ತಾರೋ, ನಮ್ಮ ಹಾಸನದವರಿಗೆ ವಿವರಿಸಬೇಕಾಗಿಲ್ಲ. ಮುದ್ದೆ ತುತ್ತು. ಸಾರಿನಲ್ಲಿ ಅದ್ದಿ ಬಾಯಿಗಿಟ್ಟರೆ ಅಗಿಯುವುದಿಲ್ಲ, ನುಂಗುವುದೇ. ಇನ್ನೊಬ್ಬರ ಮನೆ ಸುದ್ದಿಯನ್ನೂ ಹಾಗೇ ನುಂಗುತ್ತೇವೆ. ನಿಜವೋ, ಅರ್ಧ ನಿಜವೋ ಅಂತ ಹಲ್ಲಿಗೆ ತಾಗಿಸುವುದೇ ಇಲ್ಲ.

ನಮ್ಮಜ್ಜಿಯ ಕಥೆ ಆಗ ನೆನಪಿಗೆ ಬಂತು. ಅಜ್ಜಿ ಶೆಟ್ಟಿಹಳ್ಳಿ ಕಡೆಯವರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಆ ಸುತ್ತಿನ ಊರುಗಳು ನೀರಿನ ಪಾಲಾದವು. ಜನ ಗಂಟುಮೂಟೆ ಕಟ್ಟಿಕೊಂಡು ಬೇರೆ ಬೇರೆ ಕಡೆಗೆ ಹೋದರು. 1860ರ ಹೊತ್ತಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ದೇವಾಲಯ ಮಾತ್ರ ಅಲ್ಲೇ ನಿಂತಿತು. ಈಗ ಅದಕ್ಕೆ ‘ಮುಳುಗುವ ಚರ್ಚ್’ ಅಂತ ಹೆಸರು. ಮಳೆಗಾಲದಲ್ಲಿ ಅರ್ಧ ನೀರಿನಲ್ಲಿರುತ್ತದೆ, ಬೇಸಿಗೆಯಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವವರು ಬರುತ್ತಾರೆ. ಅಜ್ಜಿ ಆ ಹೆಸರನ್ನು ಒಮ್ಮೆಯೂ ಆಡಲಿಲ್ಲ. ‘ನಮ್ಮ ದೇವಾಲಯ’ ಅಂತಲೇ ಅನ್ನುತ್ತಿದ್ದರು, ಸಾಯುವ ತನಕ.

ಊರು ಬಿಟ್ಟ ಮೇಲೆ ಅಜ್ಜಿ ಒಂದು ಕಡೆ, ಅವರ ತಂಗಿ ಇನ್ನೊಂದು ಕಡೆ. ಪರಿಹಾರದ ಜಮೀನಿನ ವಿಷಯದಲ್ಲಿ ‘ನಿನ್ನ ತಂಗಿ ಹಿಂಗಂದಳು’ ಅಂತ ಯಾರೋ ಬಂದು ಅಜ್ಜಿಗೆ ಹೇಳಿದರು. ಅಜ್ಜಿ ಮಾತು ಬಿಟ್ಟರು. ನಮ್ಮ ಭಾಷೆಯಲ್ಲಿ ಮಾತು ಕೊಡುತ್ತೇವೆ, ಮಾತು ಉಳಿಸಿಕೊಳ್ಳುತ್ತೇವೆ, ಮಾತು ತಪ್ಪುತ್ತೇವೆ. ಮಾತು ಬಿಡುವುದೂ ಒಂದಿದೆ, ಹಸುವನ್ನು ಕಟ್ಟುಬಿಚ್ಚಿ ಬಿಟ್ಟ ಹಾಗೆ. 11 ವರ್ಷ ಅಕ್ಕತಂಗಿ ಮಾತಾಡಲಿಲ್ಲ. ಕೊನೆಗೆ ಒಂದು ಮದುವೆ ಮನೆಯಲ್ಲಿ ಕೈ ತೊಳೆಯುವ ಜಾಗದಲ್ಲಿ ಎದುರುಬದುರಾದರು. ಕೈಯಲ್ಲೆಲ್ಲ ಅನ್ನ ಮೆತ್ತಿಕೊಂಡಿತ್ತಂತೆ, ತಪ್ಪಿಸಿಕೊಂಡು ಹೋಗುವ ಹಾಗೂ ಇರಲಿಲ್ಲ. ಅಜ್ಜಿ ಕೇಳಿಯೇಬಿಟ್ಟರು. ‘ಅವತ್ತು ಹಂಗಂದೆಯಂತಲ್ಲ?’ ತಂಗಿ ಕಣ್ಣರಳಿಸಿ, ‘ನಾನಾ? ನೀನಂದೆ ಅಂತಲ್ವಾ ನನಗೆ ಹೇಳಿದ್ದು!’ ಅಂದಳು.

ಅಜ್ಜಿ ಈ ಕಥೆ ಹೇಳುವಾಗ ನಗುತ್ತಿದ್ದರು. ಆದರೆ ಆ 11 ವರ್ಷದಲ್ಲಿ ತಂಗಿಯ ಒಂದು ಮಗು ತೀರಿಕೊಂಡಿತ್ತು. ಅಜ್ಜಿ ಮಣ್ಣಿಗೂ ಹೋಗಿರಲಿಲ್ಲ. ಆ ಭಾಗ ಬಂದಾಗ ನಗು ನಿಲ್ಲುತ್ತಿತ್ತು.

ಯೊವಾನ್ನನ ಶುಭಸಂದೇಶದ 8ನೇ ಅಧ್ಯಾಯವನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಎಳೆದು ತರುತ್ತಾರೆ, ಯೇಸುಸ್ವಾಮಿ ಬಗ್ಗಿ ನೆಲದ ಮೇಲೆ ಬರೆಯುತ್ತಾರೆ, ಪಾಪ ಮಾಡದವನು ಮೊದಲ ಕಲ್ಲು ಹಾಕಲಿ ಅನ್ನುತ್ತಾರೆ. ಪ್ರಬೋಧನೆಯಲ್ಲಿ ಯಾವಾಗಲೂ ಕಲ್ಲಿನ ಬಗ್ಗೆಯೇ ಹೇಳುತ್ತಾರೆ. ಆ ಏಳು ತಿಂಗಳಲ್ಲಿ ಓದಿದಾಗ ಬೇರೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಅವಳನ್ನು ಎಲ್ಲರ ನಡುವೆ ನಿಲ್ಲಿಸಿರುತ್ತಾರೆ. ಅವಳ ಬಗ್ಗೆಯೇ ಮಾತು. ಆದರೆ ಅವಳ ಜೊತೆ ಯಾರೂ ಮಾತಾಡುವುದಿಲ್ಲ. ನಿಜ ಹೇಳಬೇಕೆಂದರೆ ಅವರಿಗೆ ಅವಳ ಪಾಪವೂ ಬೇಕಾಗಿಲ್ಲ. ಯೇಸುವನ್ನು ಸಿಕ್ಕಿಸಲು ಒಂದು ನೆಪ ಬೇಕಿತ್ತು, ಇವಳು ಸಿಕ್ಕಿದಳು. ಎಲ್ಲರೂ ಹೋದ ಮೇಲೆ ಯೇಸುಸ್ವಾಮಿ ತಲೆಯೆತ್ತಿ ಅವಳನ್ನೇ ಕೇಳುತ್ತಾರೆ, ಅವರೆಲ್ಲ ಎಲ್ಲಿ, ಯಾರೂ ನಿನಗೆ ಶಿಕ್ಷೆ ವಿಧಿಸಲಿಲ್ಲವೇ ಅಂತ. ಆ ಇಡೀ ಕಥೆಯಲ್ಲಿ ಅವಳ ಜೊತೆ ಮಾತಾಡಿದವರು ಅವರೊಬ್ಬರೇ. ಆಗಲೇ ಅವಳ ದನಿ ನಮಗೆ ಮೊದಲ ಸಲ ಕೇಳಿಸುವುದು. ಅದೂ ಒಂದೇ ಒಂದು ಸಣ್ಣ ಉತ್ತರ.

ಸಾಲಗಾಮೆ ರಸ್ತೆಯ ಆ ಹುಡುಗಿಯ ದನಿ ನಾನು ಕೇಳಿಯೇ ಇರಲಿಲ್ಲ. ಅವಳ ಬಗ್ಗೆ ದೇವರ ಹತ್ತಿರ ಹೇಳಿದೆ, ವಲಯದ ಉಳಿದ ಮನೆಯವರ ಹತ್ತಿರ ಹೇಳಿದೆ. ಅವಳ ಹತ್ತಿರ ‘ಹೇಗಿದ್ದೀಯಮ್ಮ’ ಅಂತ ಕೇಳಲಿಲ್ಲ.

ನಾವು ಮಾತಿನ ಬಗ್ಗೆ ಉಪದೇಶ ಮಾಡುವಾಗ ಮೆತ್ತಗೆ ಮಾತಾಡು, ಕಡಿಮೆ ಮಾತಾಡು ಅಂತ ಹೇಳುತ್ತೇವೆ. ತಪ್ಪೇನಿಲ್ಲ. ಆದರೆ ನಾನು ಅವತ್ತು ಮೆತ್ತಗೇ ಮಾತಾಡಿದ್ದೆ. ಕಡಿಮೆಯೇ ಮಾತಾಡಿದ್ದೆ, ಮೂರು ವಾಕ್ಯ. ಎಲ್ಲಾ ನಿಜ, ಎಲ್ಲಾ ಭಕ್ತಿಯಿಂದ. ಕೆಟ್ಟಿದ್ದು ವಿಳಾಸ. ಒಬ್ಬರಿಗೆ ಬರೆದ ಕಾಗದವನ್ನು ಊರಿನ ನೋಟೀಸ್ ಬೋರ್ಡಿಗೆ ಅಂಟಿಸಿದ ಹಾಗಾಯಿತು. ಮತ್ತಾಯನ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ್ದು ಇದನ್ನೇ: ಸಹೋದರ ತಪ್ಪು ಮಾಡಿದರೆ ಹೋಗು, ನೀನೂ ಅವನೂ ಇಬ್ಬರೇ ಇರುವಾಗ ಹೇಳು. ಇಬ್ಬರೇ ಇರುವಾಗ. 2020ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಇದೇ ಭಾಗದ ಮೇಲೆ ಮಾತಾಡುತ್ತಾ, ಹರಟೆಮಾತು ಕೋವಿಡ್‌ಗಿಂತ ಕೆಟ್ಟ ಪಿಡುಗು ಅಂದಿದ್ದರು. ಆಗ ನಾವೆಲ್ಲ ಮಾಸ್ಕ್ ಹಾಕಿಕೊಂಡಿದ್ದೆವು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆ ಸುದ್ದಿ ಬಂತು, ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು. ಅದರ ಕೆಳಗೇ ಯಾರದೋ ಮನೆಯ ಕೋವಿಡ್ ರಿಪೋರ್ಟ್, ‘ದಯವಿಟ್ಟು ಪ್ರಾರ್ಥಿಸಿ’ ಅಂತ.

ಸಂತ ಪೌಲರು ಯೇಸುವಿನ ಹಿರಿಯ ಶಿಷ್ಯರಾದ ಪೇತ್ರರನ್ನು ಅಂತಿಯೋಕ್ಯ ಪಟ್ಟಣದಲ್ಲಿ ಮುಖಾಮುಖಿ ಗದರಿಸಿದ್ದು ಗಲಾತ್ಯರಿಗೆ ಬರೆದ ಪತ್ರದಲ್ಲಿದೆ. ಮುಖಕ್ಕೇ ಹೇಳಿದರು, ಒಳ್ಳೆಯದೇ. ಆದರೆ ಎಲ್ಲರೆದುರು ಹೇಳಿದರು. ಸಾಲದೆಂದು ಪತ್ರದಲ್ಲೂ ಬರೆದರು, ಎರಡು ಸಾವಿರ ವರ್ಷದಿಂದ ಎಲ್ಲರೂ ಓದುತ್ತಿದ್ದಾರೆ. ಪೇತ್ರರಿಗೆ ಹೇಗನ್ನಿಸಿತೋ! ದೊಡ್ಡವರ ವಿಷಯ, ಬಿಡಿ.

ಇಲ್ಲಿ ಒಂದು ಮಾತು ಹೇಳದಿದ್ದರೆ ನಾನು ಬರೆದದ್ದು ಬೇರೆಯವರ ಕೈಯಲ್ಲಿ ಕೋಲಾಗುತ್ತದೆ. ‘ಚಾಡಿ ಹೇಳಬಾರದು’, ‘ಮನೆ ಮಾತು ಹೊರಗೆ ಹಾಕಬಾರದು’ ಅಂತ ಹೇಳಿ ಏಟು ತಿಂದ ಹೆಂಗಸರ ಬಾಯಿ ಮುಚ್ಚಿಸಿದ್ದನ್ನು ನಾನು ನೋಡಿದ್ದೇನೆ, ಅದೂ ಬೈಬಲ್ ಹಿಡಿದುಕೊಂಡೇ. ಮತ್ತಾಯನ ಅಧ್ಯಾಯವೂ ಇಬ್ಬರ ಮಾತಿಗೇ ನಿಲ್ಲುವುದಿಲ್ಲ. ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು ಅನ್ನುತ್ತದೆ. ಮಗುವಿಗೆ ಯಾರಾದರೂ ಲೈಂಗಿಕ ಹಿಂಸೆ ಕೊಡುತ್ತಿದ್ದರೆ ಇಬ್ಬರೇ ಇರುವಾಗ ಹೇಳುವ ಮಾತೇ ಇಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಅಲ್ಲಿ ಸರಿಯಾದ ವಿಳಾಸ ಪೊಲೀಸ್ ಠಾಣೆ. ಸುಮ್ನಿರುವುದು ವಿವೇಕವಲ್ಲ, ಹೇಡಿತನ.

ಸಾವಿನ ಮನೆಯ ಮಾತುಗಳ ಬಗ್ಗೆ ಬರೆಯಹೊರಟರೆ ಇನ್ನೊಂದು ಬ್ಲಾಗ್ ಬೇಕಾಗುತ್ತದೆ. ‘ದೇವರಿಗೆ ಅವರು ಬೇಕಾಗಿದ್ದರು, ಅದಕ್ಕೇ ಕರೆದುಕೊಂಡರು’ ಅಂತ ಒಂದು ಮಾತಿದೆಯಲ್ಲ, ಅದನ್ನು ನನ್ನ ಗಂಡ ತೀರಿಕೊಂಡಾಗ ಎಷ್ಟು ಜನ ಹೇಳಿದರೋ ಲೆಕ್ಕವಿಲ್ಲ. ನನಗೂ ಬೇಕಾಗಿದ್ದರು. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಹತ್ತಿರ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಎಂಟನೇ ದಿನದಿಂದ ದೇವರ ಬಗ್ಗೆ ಮಾತಾಡತೊಡಗಿದರು, ನಿಲ್ಲಿಸಲೇ ಇಲ್ಲ. ಯೋಬ ಅತ್ತ, ಕೂಗಾಡಿದ, ಹುಟ್ಟಿದ ದಿನವನ್ನೇ ಶಪಿಸಿದ. ಆದರೆ ಅವನು ದೇವರನ್ನೇ ಕೇಳಿದ. ಕೊನೆಗೆ ದೇವರು ಸಿಟ್ಟು ಮಾಡಿಕೊಂಡಿದ್ದು ಆ ಭಕ್ತಿಯ ಮಾತಿನವರ ಮೇಲೆ. ನಮ್ಮಜ್ಜಿ ಸಾವಿನ ಮನೆಗೆ ಹೋದರೆ ಹಿತ್ತಲಿಗೆ ಹೋಗಿ ಈರುಳ್ಳಿ ಹೆಚ್ಚುತ್ತಾ ಕೂರುತ್ತಿದ್ದರು. ಯಾರು ಅಳುತ್ತಿದ್ದಾರೆ, ಯಾಕೆ ಅಳುತ್ತಿದ್ದಾರೆ ಅಂತ ಹೇಳಬೇಕಾಗಿರಲಿಲ್ಲ.

ಸಂತ ಯಕೋಬರ ಪತ್ರದ ಮೂರನೇ ಅಧ್ಯಾಯ ನಾಲಿಗೆಯನ್ನು ಬೆಂಕಿ ಅನ್ನುತ್ತದೆ. ಸಣ್ಣ ಕಿಡಿ, ದೊಡ್ಡ ಕಾಡು. ಎಲ್ಲಾ ಪ್ರಾಣಿಗಳನ್ನೂ ಪಳಗಿಸಬಹುದು, ನಾಲಿಗೆಯನ್ನು ಯಾರಿಂದಲೂ ಪಳಗಿಸಲಾಗದು ಅಂತ ಕೈಚೆಲ್ಲಿಬಿಡುತ್ತದೆ. ನನ್ನ ತಂಗಿಯನ್ನು ಚಿಕ್ಕಮಗಳೂರಿನ ಮೂಡಿಗೆರೆ ಕಡೆ ಕೊಟ್ಟಿದ್ದೇವೆ. ಅಲ್ಲಿ ಬೇಸಿಗೆಗೆ ಮುಂಚೆಯೇ ಅರಣ್ಯದವರು ಬೆಂಕಿರೇಖೆ ಕಡಿಯುತ್ತಾರೆ. ಒಣಹುಲ್ಲು, ತರಗೆಲೆ ಎಲ್ಲಾ ತೆಗೆದು ಒಂದು ಪಟ್ಟಿಯಷ್ಟು ನೆಲವನ್ನು ಬೋಳು ಮಾಡುತ್ತಾರೆ. ಮಾರ್ಚಿನಲ್ಲಿ ಎಲ್ಲಾದರೂ ಬೆಂಕಿ ಬಿದ್ದರೆ ಅಲ್ಲಿಗೆ ಬಂದು ತಿನ್ನಲು ಏನೂ ಸಿಗದೆ ಆರಲಿ ಅಂತ. ಬೆಂಕಿ ಪಳಗಿಸುವ ಉಪಾಯ ಅಲ್ಲ ಅದು. ಬೆಂಕಿ ಬಂದೇ ಬರುತ್ತದೆ ಅಂತ ಒಪ್ಪಿಕೊಂಡು ಮಾಡುವ ಕೆಲಸ.

ನಾನೂ ಹೊಲಿಗೆ ಕೋಣೆಯಲ್ಲಿ ಒಂದು ಗೆರೆ ಕಡಿದಿದ್ದೇನೆ. ಯಾರಾದರೂ ‘ಅವರ ಮನೆ ವಿಷಯ ಗೊತ್ತಾ’ ಅಂತ ಶುರು ಮಾಡಿದರೆ, ಟೇಪು ಕೆಳಗಿಳಿಸದೆ, ‘ಇದನ್ನ ಅವರಿಗೆ ಹೇಳಿದ್ರಾ?’ ಅಂತ ಕೇಳುತ್ತೇನೆ. ಅಷ್ಟೇ. ಕೆಲವರು ಸುಮ್ಮನಾಗುತ್ತಾರೆ. ಕೆಲವರು ನಗುತ್ತಾರೆ. ಇಬ್ಬರು ಬೇರೆ ಟೈಲರ್ ಹತ್ತಿರ ಹೋದರು. ಅದರಲ್ಲೊಬ್ಬರು ಒಳ್ಳೆಯ ಗಿರಾಕಿ, ವರ್ಷಕ್ಕೆ ಹತ್ತು ಹನ್ನೆರಡು ಬ್ಲೌಸು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊನೆಗೂ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಆ ಮನೆಗೆ ಹೋದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಬಾಗಿಲು ತೆಗೆದ ತಕ್ಷಣ ಎಲ್ಲಾ ಮರೆತುಹೋಯಿತು. ‘ತಪ್ಪಾಯ್ತು’ ಅಂದೆ. ಅವರು ಒಳಗೆ ಕರೆದರು. ಕಾಫಿ ಕೊಟ್ಟರು. ಶತ್ರುವಾದರೂ ಕಾಫಿ ಕೊಡದೆ ಕಳಿಸುವ ಊರಲ್ಲ ನಮ್ಮದು, ಹಾಗಾಗಿ ಅದರಿಂದ ಏನೂ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಮಾತು ತೆಗೆದರು.

‘ನೀವು ಹೇಳಿದ್ದು ದೇವರಿಗೆ ಅಂತೀರಿ. ದೇವರಿಗೆ ನಾನೂ ಹೇಳಿದ್ದೆ. ಆತ ಯಾರಿಗೂ ಹೇಳಿರಲಿಲ್ಲ.’

ಇದಕ್ಕೆ ಏನು ಉತ್ತರ ಕೊಡುವುದು? ಕೊಡಲಿಲ್ಲ. ಲೋಟ ತೊಳೆದಿಡುತ್ತೇನೆ ಅಂದೆ, ಬೇಡ ಅಂದರು. ಬೀಳ್ಕೊಡುವಾಗ ಗೇಟಿನ ತನಕ ಬರಲಿಲ್ಲ, ಬಾಗಿಲಲ್ಲೇ ನಿಂತರು. ರೇಷ್ಮೆ ಬಟ್ಟೆಯಲ್ಲಿ ತಪ್ಪು ಹೊಲಿಗೆ ಹಾಕಿ ಬಿಚ್ಚಿದರೆ ದಾರ ಬರುತ್ತದೆ, ಸೂಜಿಯ ತೂತು ಉಳಿಯುತ್ತದೆ. ಗಿರಾಕಿಗೆ ಕಾಣದಿರಬಹುದು. ಹೊಲಿದವಳಿಗೆ ಎಲ್ಲಿದೆ ಅಂತ ಗೊತ್ತಿರುತ್ತದೆ.

ಆ ತಾಯಿ ಇವತ್ತಿಗೂ ವಲಯದ ಪ್ರಾರ್ಥನೆಗೆ ಬರುವುದಿಲ್ಲ. ಪೂಜೆಯಲ್ಲಿ ಶಾಂತಿ ಹಂಚಿಕೊಳ್ಳುವಾಗ ನನ್ನ ಕಡೆ ತಿರುಗಿ ಕೈಮುಗಿಯುತ್ತಾರೆ. ಸುತ್ತಲಿನ ಎಲ್ಲರಿಗೂ ಮುಗಿಯುವ ಹಾಗೆ, ಅಷ್ಟೇ.

ಕಳೆದ ತಿಂಗಳು ಒಂದು ಶನಿವಾರ ಬಾಗಿಲ ಹತ್ತಿರ ಯಾರೋ ನಿಂತ ಹಾಗಾಯಿತು. ಮೆಷಿನ್ ನಿಲ್ಲಿಸಿ ನೋಡಿದೆ. ಅವರ ಮಗಳು. ಕೈಯಲ್ಲಿ ಹಸಿರು ಬ್ಲೌಸ್ ಪೀಸು, ಕವರಿನಲ್ಲಿ ಸುತ್ತಿಕೊಂಡು ಬಂದಿದ್ದಳು.

‘ಅಮ್ಮ ಬರಲ್ಲ ಅಂದ್ರು. ನಾನೇ ಬಂದೆ’ ಅಂದಳು. ಕೆಲಸಕ್ಕೆ ಸೇರಿದ್ದಾಳಂತೆ, ಸೋಮವಾರಕ್ಕೆ ಸೀರೆ ಉಡಬೇಕಂತೆ.

ಗೋಡೆ ಕಡೆ ತಿರುಗಿ ನಿಂತಳು. ಟೇಪು ಹಿಡಿದು ಬೆನ್ನಿನ ಅಳತೆ ತೆಗೆದೆ, ಭುಜ, ಎದೆ. ಅವಳೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಅವಳ ಎದುರಿಗೆ ಬಂದು ನಿಂತು, ‘ತೋಳು ಎಷ್ಟು ಉದ್ದ ಬೇಕಮ್ಮ?’ ಅಂತ ಕೇಳಿದೆ.

ಮೊಣಕೈ ಮುಟ್ಟಿ ನೋಡಿಕೊಂಡು, ‘ಹತ್ತೂವರೆ ಇರಲಿ ಆಂಟಿ’ ಅಂದಳು. ಬರೆದುಕೊಂಡೆ.